ಮೀನು ಮಗುಚುವ ವಿದ್ಯೆ

ಅರವತ್ತನಾಲ್ಕು ವಿದ್ಯೆಗಳಲ್ಲಿ ಒಂದೂ ನನಗೆ ಒಲಿಯಲಿಲ್ಲ, ಒಲಿದದ್ದು ಅರವತ್ತೈದನೆಯದು. ಇಡಿಯಾಗಿ ಬೇಯಿಸಿದ ಮೀನಿನ ಮೇಲ್ಮಗ್ಗುಲನ್ನು ತಿಂದು ಮುಗಿಸಿದ ಮೇಲೆ, ತಲೆ ಕಳಚದಂತೆ, ಬಾಲ ಮುರಿಯದಂತೆ, ಸಾರಿನ ಒಂದು ಹನಿಯೂ ಪಕ್ಕದವರ ಅಂಗಿಗೆ ಹಾರದಂತೆ, ಅದನ್ನು ತಟ್ಟೆಯಲ್ಲಿ ಒಂದೇ ಕೈಚಳಕಕ್ಕೆ ಮಗುಚಿ ಹಾಕುವುದೇ ಆ ವಿದ್ಯೆ. ಇದರಲ್ಲಿ ಅಂಥ ವಿಶೇಷವೇನು ಎಂದು ನೀವು ಕೇಳಬಹುದು. ಕೇಳುವವರು ಸಸ್ಯಾಹಾರಿಗಳಾಗಿದ್ದರೆ ಕ್ಷಮಿಸುತ್ತೇನೆ. ಉಳಿದವರು ಒಂದು ಬಂಗುಡೆಯನ್ನು ಎದುರಿಗಿಟ್ಟುಕೊಂಡು ಪ್ರಯತ್ನಿಸಿ ನೋಡಿ, ಆಮೇಲೆ ಮಾತಾಡೋಣ. ನನ್ನ ಮದುವೆಯ ಮಾತುಕತೆಯ ದಿನ ಹೆಣ್ಣಿನ ಸೋದರಮಾವ ನನ್ನ ಕೆಲಸ, ಸಂಬಳ, ವಂಶ ಯಾವುದರ ಬಗೆಗೂ ತುಟಿ ಪಿಟಕ್ಕೆನ್ನದೆ ಕುಳಿತಿದ್ದವರು, ಊಟದ ಹೊತ್ತಿಗೆ ನನ್ನ ಎಲೆಯನ್ನೊಮ್ಮೆ ನೋಡಿ, "ಗಂಡ್, ಮೀನ್ ತಿಂಬುದ್ರಗೆ ಹುಷಾರಿದ್ದ" ಎಂದು ತೀರ್ಪಿತ್ತರು. ಸುಮಿತ್ರಾ ನನ್ನ ಹೆಂಡತಿಯಾದದ್ದು ಹಾಗೆ.

ನಮ್ಮದು ಗಂಗೊಳ್ಳಿ. ಹಾಗೆಂದ ಕೂಡಲೇ ಕೇಳಿದವರು ನನ್ನನ್ನು ಕಡಲ ಕಲಿಯೆಂದು ಭಾವಿಸುತ್ತಾರೆ, ನಾನೂ ತಿದ್ದುವ ಗೋಜಿಗೆ ಹೋಗುವುದಿಲ್ಲ. ವಾಸ್ತವವಾಗಿ ನನ್ನ ತಂದೆ ಅಂಚೆ ಕಚೇರಿಯ ಗುಮಾಸ್ತರು. ಅಲೆಗಳ ಸದ್ದನ್ನೇ ಜೋಗುಳವಾಗಿ ಕೇಳಿ ಬೆಳೆದರೂ ನೀರು ಮೊಣಕಾಲು ದಾಟಿದರೆ ಕುಲದೇವರನ್ನು ಕರೆಯುವ ಮನೆತನ ನಮ್ಮದು. ಕಡಲಿಗೂ ನಮಗೂ ಇದ್ದ ಸಂಬಂಧವೆಲ್ಲ ಮೀನು ಬಾಣಲೆಗೆ ಬಂದ ಮೇಲಿನದು. ಈಗಲೂ ಅಷ್ಟೇ. ಆಮ್‌ಸ್ಟರ್‌ಡ್ಯಾಮಿನ ಒಂದು ಸರಕು ಸಾಗಣೆ ಕಂಪನಿಯಲ್ಲಿ ಕುಳಿತು ನಾನು ದಿನವೂ ಹಡಗುಗಳನ್ನು ಖಂಡದಿಂದ ಖಂಡಕ್ಕೆ ಸಾಗಿಸುತ್ತೇನೆ, ಕಂಪ್ಯೂಟರಿನ ಪರದೆಯ ಮೇಲೆ. ಸಂಜೆ ರೈಲು ಹಿಡಿದು ಆಲ್ಮೆರೆಯ ಮನೆಗೆ ಬರುತ್ತೇನೆ, ಪಾದ ಒದ್ದೆಯಾಗದೆ.

ಆಲ್ಮೆರೆಯಲ್ಲಿ ನಮ್ಮ ಪಕ್ಕದ ಮನೆಯವರು ಬಾ. ವಿಯೆಟ್ನಾಮೀ ಭಾಷೆಯಲ್ಲಿ ಅಜ್ಜಿಗೆ ಹಾಗೆನ್ನುತ್ತಾರೆ. ಹೆಸರು ಲಿಯೆನ್, ವಯಸ್ಸು ಎಪ್ಪತ್ತರ ಹತ್ತಿರ, ಎತ್ತರ ನಮ್ಮ ನಡುವಿನ ಬೇಲಿಗಿಂತ ನಾಲ್ಕು ಬೆರಳು ಕಡಿಮೆ. ಹಾಗಾಗಿ ಹಿತ್ತಿಲಿನಲ್ಲಿ ಅವರಿದ್ದಾರೆಯೇ ಎಂಬುದು ತಿಳಿಯುವುದು ಧ್ವನಿಯಿಂದ ಮಾತ್ರ. ಇಡೀ ಬೀದಿ ಅವರನ್ನು ಬಾ ಎಂದೇ ಕರೆಯುತ್ತದೆ. ಒಮ್ಮೆ ನಾನು ಹಾಗೆ ಕರೆದದ್ದು ಫೋನಿನ ಆಚೆಯಿದ್ದ ನಮ್ಮಮ್ಮನ ಕಿವಿಗೆ ಬಿದ್ದು, ಹಿರಿಯರನ್ನು ಏಕವಚನದಲ್ಲಿ ಬಾ ಅನ್ನುವುದನ್ನು ಆ ದೇಶದಲ್ಲಿ ಕಲಿತೆಯಾ ಎಂದು ಹದಿನೈದು ನಿಮಿಷ ಗದರಿಸಿಕೊಂಡಿದ್ದೇನೆ. ಗಂಡ ಬದುಕಿದ್ದ ತನಕ, ಮತ್ತು ಹೋದ ಮೇಲೂ ಕೆಲ ಕಾಲ, ಬಾ ಸ್ಟೇಷನ್ನಿನ ಬಳಿ ಕೈಗಾಡಿಯಲ್ಲಿ ಲುಂಪಿಯಾ ಕರಿದು ಮಾರಿದವರು. ನೆದರ್ಲೆಂಡ್ಸಿನ ಸಂತೆಗಳಲ್ಲಿ ಓಡಾಡಿದವರಿಗೆ ಗೊತ್ತು, ಆ ಗರಿಗರಿ ಸುರುಳಿಯ ವಾಸನೆ ಬಂದರೆ ಡಚ್ಚರ ಗಾಂಭೀರ್ಯವೂ ಸಾಲಿನಲ್ಲಿ ನಿಂತುಬಿಡುತ್ತದೆ.

ನಾವು ಈ ಮನೆಗೆ ಬಂದ ಮೊದಲ ದಿನ ಬೇಲಿಯಾಚೆಯಿಂದ ಬಂದದ್ದು ಎರಡು ಪ್ರಶ್ನೆ. ಒಂದು, ಊಟ ಆಯಿತೇ ಎಂಬುದು. ಅಪಾಯಿಂಟ್‌ಮೆಂಟ್ ಇಲ್ಲದೆ ಒಂದು ಲೋಟ ಕಾಫಿಯೂ ಹುಟ್ಟದ ಈ ನಾಡಿನಲ್ಲಿ ಆ ಮಾತು ಕೇಳಿ ಸುಮಿತ್ರಾಳ ಕಣ್ಣು ತುಂಬಿತ್ತು. ಎರಡನೆಯದು, ಆಗ ಆರು ವರ್ಷದವಳಾಗಿದ್ದ ನಮ್ಮ ಮಗಳು ಇಂಚರಳನ್ನು ಕುರಿತದ್ದು: ಇವಳಿಗೆ ಈಜು ಬರುತ್ತದೆಯೇ? ಈ ದೇಶದಲ್ಲಿ ಮಕ್ಕಳು ಈಜು ಕಲಿತು ಡಿಪ್ಲೊಮಾ ಪಡೆಯುವುದು ವಾಡಿಕೆ, ಅದೂ ಮೈಮೇಲೆ ಅಂಗಿ, ಪ್ಯಾಂಟು, ಶೂ ಸಮೇತ ನೀರಿಗೆ ಹಾರಿ. ಬಾ ಮಾತ್ರ ಅದನ್ನು ವಾಡಿಕೆಯೆಂದು ಬಿಡುತ್ತಿರಲಿಲ್ಲ. ಬೀದಿಯ ಪ್ರತಿ ಮಗುವಿನ ಪ್ರಗತಿಯನ್ನೂ ವಾರ ವಾರ ವಿಚಾರಿಸುತ್ತಿದ್ದರು. ಡಿಪ್ಲೊಮಾ ಬಂದ ಮಗುವಿಗೆ ತಟ್ಟೆ ತುಂಬ ಲುಂಪಿಯಾ. ಇಂಚರಳಿಗೆ ಅದು ಬಂದ ದಿನ ಅವರು ಅವಳ ಕೆನ್ನೆ ಹಿಡಿದು ಅತ್ತದ್ದು ನಮಗೆ ಅತಿಯೆನಿಸಿತ್ತು.

ಅತಿಯಲ್ಲವೆಂದು ತಿಳಿದದ್ದು ನಿಧಾನವಾಗಿ, ಬೇಲಿಯ ಮೇಲಿನಿಂದ ಕಂತು ಕಂತಾಗಿ. ಬಾ ಹುಟ್ಟಿದ್ದು ಫಾನ್ ಥಿಯೆಟ್ ಎಂಬ ಮೀನುಗಾರರ ಊರಿನಲ್ಲಿ. ಅಪ್ಪನಿಗೆ ದೋಣಿ, ಅಮ್ಮನಿಗೆ ಮೀನನ್ನು ಉಪ್ಪಿನಲ್ಲಿ ಕೊಳೆಹಾಕಿ ರಸ ಇಳಿಸುವ ಮಣ್ಣಿನ ಗುಡಾಣಗಳು. ಬಾಲ್ಯವೆಲ್ಲ ಯುದ್ಧದಲ್ಲಿ ಕಳೆಯಿತು. ಯುದ್ಧವೆಂದರೆ ನಾನು ಬಾಂಬು, ಬೆಂಕಿ, ಆಕ್ರಂದನಗಳನ್ನು ನಿರೀಕ್ಷಿಸಿ ಮುಖವನ್ನು ಅದಕ್ಕೆ ತಕ್ಕಂತೆ ಸಿದ್ಧಪಡಿಸಿಕೊಂಡರೆ, ಬಾ ಹೇಳಿದ್ದು ಒಣಹಾಕಿದ ಮೀನಿನ ಕಥೆ. ಹೆಲಿಕಾಪ್ಟರು ಕೆಳಗೆ ಹಾರಿದರೆ ಅದರ ಗಾಳಿಗೆ ಚಾಪೆಯ ಮೇಲಿನ ಮೀನೆಲ್ಲ ಬೀದಿಪಾಲಾಗುತ್ತಿತ್ತಂತೆ. ಅಮ್ಮ ಸದ್ದಿನಲ್ಲೇ ಬರುತ್ತಿರುವುದು ಎಂಥದು, ಎಷ್ಟು ಎತ್ತರದಲ್ಲಿ ಎಂದು ಹೇಳಬಲ್ಲವಳಾಗಿದ್ದಳು. ಮಕ್ಕಳು ಬಚ್ಚಿಟ್ಟುಕೊಳ್ಳಬೇಕೋ, ಚಾಪೆ ಮಡಚಬೇಕೋ ಎಂಬುದು ಅವಳ ಒಂದು ಕೂಗಿನಲ್ಲಿ ನಿರ್ಧಾರವಾಗುತ್ತಿತ್ತು. ಅಷ್ಟರ ಮೇಲೂ ಮೀನು ಹಾರಿಹೋದರೆ ಅವಳು ಆಕಾಶಕ್ಕೆ ಮುಷ್ಟಿ ತೋರಿಸಿ ಬಯ್ಯುತ್ತಿದ್ದ ಬೈಗುಳವನ್ನು ಬಾ ಒಮ್ಮೆ ನನಗೆ ಡಚ್ಚಿನಲ್ಲಿ ವಿವರಿಸಲು ಹೋಗಿ, ಪದ ಸಾಲದೆ ಕೈಬಿಟ್ಟರು. ಶಾಲೆಯ ಗಂಟೆ ಖಾಲಿ ಬಾಂಬಿನ ಕವಚದ್ದು. ಅದರ ನಾದ ಪಕ್ಕದೂರಿನ ಗಂಟೆಗಿಂತ ಇಂಪೆಂದು ಮುಖ್ಯೋಪಾಧ್ಯಾಯರಿಗೆ ಹೆಮ್ಮೆ. ಹೊಸ ವರ್ಷಕ್ಕೆ ಅಂಟಕ್ಕಿಯನ್ನು ಬಾಳೆ ಎಲೆಯಲ್ಲಿ ಸುರುಳಿ ಕಟ್ಟಿ, ನಮ್ಮ ಮೂಡೆಯ ಹಾಗೆ, ದೊಡ್ಡ ಹಂಡೆಯಲ್ಲಿ ಬೇಯಿಸುತ್ತಿದ್ದರು. ಗುಂಡಿನ ಸದ್ದು ಹತ್ತಿರ ಬಂದ ವರ್ಷ ಎಲ್ಲರೂ ನೆಲದಡಿಯ ಗುಂಡಿಗಿಳಿದಾಗ ಅಜ್ಜಿಯೊಬ್ಬಳು ಮಾತ್ರ ಹಂಡೆಯ ಬಳಿಯೇ ಕೂತಿದ್ದಳಂತೆ, ಬೆಂಕಿ ಆರಿದರೆ ಕಡುಬು ಅರೆಬೆಂದೀತು ಎಂದು.

ಯುದ್ಧ ಮುಗಿದ ಕೆಲ ವರ್ಷಕ್ಕೆ ಬಾ, ಅವರ ಗಂಡ, ಕಂಕುಳಲ್ಲಿ ಎಂಟು ತಿಂಗಳ ಹೆಣ್ಣುಮಗು, ಜನ ತುಂಬಿ ತುಳುಕುವ ಒಂದು ದೋಣಿಯಲ್ಲಿ ದೇಶ ಬಿಟ್ಟರು. ಆರು ದಿನದ ಮೇಲೆ ಒಂದು ಡಚ್ ಸರಕು ಹಡಗು ಅವರನ್ನು ಎತ್ತಿಕೊಂಡಿತು. ಆ ಪ್ರಯಾಣದ ಬಗ್ಗೆ ಬಾ ಹೇಳುತ್ತಿದ್ದುದು ಇದೊಂದೇ ಸಂಗತಿ: ಹಡಗಿನವರು ಅನ್ನದ ಜೊತೆಗೆ ಒಂದು ಡಬ್ಬ ಪೀನಟ್ ಬಟರ್ ಕೊಟ್ಟರು, ಇವರು ಅದನ್ನು ತಮ್ಮೂರಿನ ಹುಳಿಬಂದ ಸೋಯಾ ಗೊಜ್ಜೆಂದು ತಿಳಿದು ಅನ್ನಕ್ಕೆ ಕಲಸಿ, ಡಚ್ಚರ ಗೊಜ್ಜಿಗೆ ಉಪ್ಪು ಸಾಲದೆಂದು ಮರುಗಿದರು. ಇವತ್ತಿಗೂ ಬಾ ಮೈ ಹುಷಾರಿಲ್ಲದಾಗ ತಿನ್ನುವುದು ಅನ್ನ, ಪೀನಟ್ ಬಟರ್, ಮೇಲೆ ನಾಲ್ಕು ಹನಿ ಮೀನಿನ ರಸ. ಉಳಿದದ್ದನ್ನೆಲ್ಲ ಒಂದು ನಗೆಯಲ್ಲಿ ಮುಗಿಸಿಬಿಡುತ್ತಿದ್ದರು. "ಇನ್ನು ಜನ್ಮದಲ್ಲಿ ಕಡಲಿಗೆ ಇಳಿಯಲ್ಲ ಅಂತ ಆಣೆ ಮಾಡಿದ್ದೆ. ಹೆಮೆಂಟೆಯವರು ಕಡಲಿನ ತಳದಲ್ಲೇ ಮನೆ ಕೊಟ್ಟರು!" ಹೆಮೆಂಟೆ ಎಂದರೆ ಇಲ್ಲಿಯ ನಗರಾಡಳಿತ. ಮಾತು ನಿಜವೇ. ಆಲ್ಮೆರೆಯ ನೆಲವೆಲ್ಲ ನೀರು ಬಸಿದು ಪಡೆದದ್ದು.

ಇಂಥ ಬಾ ದೋಣಿ ಹತ್ತುತ್ತೇನೆಂದು ಒಪ್ಪಿಕೊಂಡದ್ದು ಮೊಮ್ಮಗಳು ಮಾಯ್‌ಗಾಗಿ, ಅಂದು ಕಂಕುಳಲ್ಲಿ ಬಂದ ಆ ಕೂಸಿನ ಮಗಳಿಗಾಗಿ. ಅಪ್ಪ ಅಮ್ಮ ಇಬ್ಬರೂ ದುಡಿಯುತ್ತಿದ್ದುದರಿಂದ ಮಾಯ್‌ಳನ್ನು ಎತ್ತಿ ಆಡಿಸಿ ಬೆಳೆಸಿದ್ದೆಲ್ಲ ಬಾ. ಆಕೆ ಈಗ ಔಷಧಾಲಯದಲ್ಲಿ ಕೆಲಸ ಮಾಡುತ್ತಾಳೆ. ರಜೆ ಸಿಕ್ಕರೆ ವಿಯೆಟ್ನಾಮಿಗೆ ಹಾರಿ, ಸ್ಕೂಟರಿನಲ್ಲಿ ಓಡಾಡುವ, ಮೊಬೈಲಿನಲ್ಲೇ ನೂಡಲ್ಸ್ ತರಿಸಿಕೊಳ್ಳುವ ಸೋದರಸಂಬಂಧಿಗಳ ಜೊತೆ ಕಾಫಿ ಅಂಗಡಿಯಿಂದ ಕಾಫಿ ಅಂಗಡಿಗೆ ಅಲೆಯುತ್ತಾಳೆ. ಅವಳು ಮೆಚ್ಚಿದ ಹುಡುಗ ಯೋಸ್ಟ್, ಹಾರ್ಲೆಮಿನವನು, ಎರಡು ಮೀಟರ್ ಎತ್ತರದವನು. ಅವನೂ ಬಾ ಅವರೂ ಮಾತಾಡುವಾಗ ಒಬ್ಬರಿಗೆ ಕುರ್ಚಿ ಬೇಕು, ಯಾರಿಗೆ ಎಂಬುದು ಮಾತ್ರ ತೀರ್ಮಾನವಾಗಿಲ್ಲ. ಯೋಸ್ಟನ ಅಪ್ಪನ ಬಳಿ ಅಜ್ಜನ ಕಾಲದ ಚಪ್ಪಟೆ ತಳದ ದೋಣಿಯೊಂದಿದೆ. ಆ ಮನೆಯ ಪ್ರತಿ ಮದುವೆಯ ದಿಬ್ಬಣವೂ ಅದರಲ್ಲೇ, ಹಾರ್ಲೆಮಿನ ನಡುವೆ ಹರಿಯುವ ಸ್ಪಾರ್ನೆ ನದಿಯಲ್ಲಿ, ಎರಡೂ ಕಡೆಯ ಹಿರಿಯರನ್ನು ಮುಂದೆ ಕೂರಿಸಿಕೊಂಡು ಸಾಗಬೇಕು. ಬಾ ಬಾರದಿದ್ದರೆ ದೋಣಿಯೇ ಬೇಡವೆಂದು ಮಾಯ್. ದೋಣಿಯಿಲ್ಲದಿದ್ದರೆ ಅಪ್ಪನ ಎದೆ ಒಡೆಯುತ್ತದೆಂದು ಯೋಸ್ಟ್. ತಿಂಗಳುಗಟ್ಟಲೆ ಎಲ್ಲರೂ ಓಲೈಸಿದ ಮೇಲೆ ಬಾ ಹೂಂ ಅಂದಿದ್ದರು.

ಡಚ್ಚರು ಮದುವೆಗೆ ಮುಹೂರ್ತ ನೋಡುವುದಿಲ್ಲ, ಡ್ರಾಯ್‌ಬುಕ್ ಬರೆಯುತ್ತಾರೆ. ಎಷ್ಟು ಗಂಟೆ ಎಷ್ಟು ನಿಮಿಷಕ್ಕೆ ಯಾರು ಎಲ್ಲಿ ನಿಂತಿರಬೇಕು, ಕೇಕು ಯಾವ ಬಾಗಿಲಿನಿಂದ ಬರಬೇಕು, ಆನಂದಬಾಷ್ಪಕ್ಕೆ ಕರವಸ್ತ್ರ ಯಾರ ಬಳಿ ಎಂಬುದೆಲ್ಲ ಅದರಲ್ಲಿರುತ್ತದೆ. ನಮ್ಮ ಪುರೋಹಿತರ ಪಂಚಾಂಗ ಅದರ ಮುಂದೆ ಸಡಿಲ. ಮಾಯ್ ಮದುವೆಯ ಡ್ರಾಯ್‌ಬುಕ್ಕಿನಲ್ಲಿ ನನ್ನದೂ ಒಂದು ಸಾಲಿತ್ತು: ಹನ್ನೊಂದು ನಲವತ್ತು, ಬಾ ದೋಣಿ ಹತ್ತುವುದು, ಕೈ ಹಿಡಿಯುವವರು, ಪಕ್ಕದ ಮನೆಯವರು. ನಾನು ಆ ಸಾಲನ್ನು ಆಫೀಸಿನಲ್ಲಿ ಇಬ್ಬರಿಗೆ ತೋರಿಸಿದ್ದೆ.

ಇನ್ನು ಆ ಭಾನುವಾರಕ್ಕೆ ಬರುತ್ತೇನೆ. ಮದುವೆಗೆ ಮೂರು ವಾರವಿದ್ದಾಗ ಬಾ ಮನೆಯಲ್ಲಿ ನಿಶ್ಚಿತಾರ್ಥ. ಕೆಂಪು ಬಟ್ಟೆ ಮುಚ್ಚಿದ ಹರಿವಾಣಗಳಲ್ಲಿ ವೀಳ್ಯದೆಲೆ, ಅಡಿಕೆ, ಹಣ್ಣು, ಚಹಾ ಹೊತ್ತು ಯೋಸ್ಟನ ಕಡೆಯ ಉದ್ದುದ್ದ ಮಂದಿ ಬಾಗಿಲಲ್ಲಿ ತಲೆ ತಗ್ಗಿಸಿ ಒಳಬಂದಾಗ, ಅವರ ಕೈಯ ತಾಂಬೂಲ ನೋಡಿ ನಾನೂ ಸುಮಿತ್ರಾಳೂ ನಮ್ಮದೇ ಮನೆಯ ಕಾರ್ಯವೆಂಬಂತೆ ಎದ್ದು ನಿಂತೆವು. ಪೂರ್ವಜರ ಪಟಗಳ ಮುಂದೆ ಊದುಬತ್ತಿ ಹಚ್ಚಿದರು, ಎಡೆ ಇಟ್ಟರು, ಆಮೇಲೆ ಊಟ. ನಡುವೆ ಇಡಿಯಾಗಿ ಹಬೆಯಲ್ಲಿ ಬೇಯಿಸಿದ ಒಂದು ದೊಡ್ಡ ಮೀನು, ಮೇಲೆ ಶುಂಠಿ, ಈರುಳ್ಳಿ ಎಲೆ. ಮಾತು, ನಗು, ಒಂದು ಮಗ್ಗುಲು ಖಾಲಿಯಾಯಿತು. ನನ್ನ ಪಕ್ಕದಲ್ಲಿ ಕೂತಿದ್ದ ಯೋಸ್ಟನ ಅಪ್ಪ ಇನ್ನಷ್ಟು ಬೇಕೆಂಬ ಆಸೆಯಿಂದ ಮುಳ್ಳಿನ ಸಾಲನ್ನು ಚಾಪ್‌ಸ್ಟಿಕ್ಕಿನಿಂದ ಕೆದಕುತ್ತ ಕಷ್ಟಪಡುತ್ತಿದ್ದರು. ನೋಡಿ ನನ್ನ ಕೈ ತುರಿಸಿತು. ಎದುರಿಗೆ ಹದಿನಾರು ಜನರ ಸಭೆ, ನಡುವೆ ನನ್ನ ಅರವತ್ತೈದನೆಯ ವಿದ್ಯೆ. "ಕೊಡಿ, ನಾನು ತೋರಿಸುತ್ತೇನೆ" ಎಂದೆ. ಎರಡು ಚಮಚ, ಒಂದು ಮಣಿಕಟ್ಟಿನ ತಿರುವು. ಮೀನು ಗಾಳಿಯಲ್ಲಿ ಅರೆಕ್ಷಣ ತೂಗಿ, ಒಂದು ಎಳೆ ಈರುಳ್ಳಿಯೂ ಅತ್ತಿತ್ತ ಸರಿಯದಂತೆ ಮಗ್ಗುಲು ಬದಲಿಸಿ ಮಲಗಿತು. ನನ್ನ ಜೀವಮಾನದ ಅತ್ಯುತ್ತಮ ಪ್ರದರ್ಶನವೆಂದು ಈಗಲೂ ಹೇಳಬಲ್ಲೆ.

ಯೋಸ್ಟನ ಅಪ್ಪ ಚಪ್ಪಾಳೆ ತಟ್ಟಿದರು. ಅವರೊಬ್ಬರೇ. ಮೇಜಿನ ಆ ತುದಿಯಲ್ಲಿ ಬಾ ತಮ್ಮ ಚಾಪ್‌ಸ್ಟಿಕ್ಕುಗಳನ್ನು ಮೆಲ್ಲಗೆ ಕೆಳಗಿಟ್ಟಿದ್ದರು. ಮಾಯ್ ನನ್ನ ಕಡೆ ಬಾಗಿ, ಶಾಲೆಯ ಮಗುವಿಗೆ ಹೇಳುವಷ್ಟು ಮೃದುವಾಗಿ, ಮೀನುಗಾರರ ಮನೆಯಲ್ಲಿ ತಟ್ಟೆಯ ಮೇಲಿನ ಮೀನನ್ನು ಮಗುಚುವುದಿಲ್ಲ, ಮಗುಚಿದರೆ ಕಡಲಿನಲ್ಲಿರುವ ದೋಣಿ ಮಗುಚುತ್ತದೆ ಎಂಬ ನಂಬಿಕೆ ಎಂದಳು. ಮೇಲಿನದನ್ನು ತಿಂದ ಮೇಲೆ ಮುಳ್ಳನ್ನು ಎತ್ತಿ ತೆಗೆದು ಕೆಳಗಿನದನ್ನು ತಿನ್ನಬೇಕಂತೆ. ಆಗ ನನ್ನ ಬುದ್ಧಿಗೆ ಏನು ಗ್ರಹಚಾರ ಬಡಿಯಿತೋ, ಆದ ಪ್ರಮಾದವನ್ನು ಸರಿಪಡಿಸುವ ಆತುರದಲ್ಲಿ ಆ ಎರಡು ಚಮಚಗಳನ್ನೇ ಎತ್ತಿಕೊಂಡು ಮೀನನ್ನು ಮೊದಲಿನಂತೆ ತಿರುಗಿಸಿ ಹಾಕಿದೆ. ಹೀಗೆ ಒಮ್ಮೆ ಮುಳುಗಿಸಿದ ದೋಣಿಯನ್ನು ಎರಡನೆಯ ಬಾರಿಗೂ ಮುಳುಗಿಸಿದೆ. ಬಾ ತಮ್ಮ ಭಾಷೆಯಲ್ಲಿ ಒಂದೇ ವಾಕ್ಯ ಹೇಳಿದರು. ಮಾಯ್ ತಲೆ ತಗ್ಗಿಸಿಕೊಂಡೇ ಅನುವಾದಿಸಿದಳು: "ಬಾ ದೋಣಿ ಹತ್ತಲ್ವಂತೆ."

ಬಾ ಮನೆಯಿಂದ ನಮ್ಮ ಮನೆಗೆ ಹನ್ನೊಂದು ಹೆಜ್ಜೆ. ಅಷ್ಟರೊಳಗೆ ನನ್ನ ವಿಚಾರಣೆ, ತೀರ್ಪು ಎರಡೂ ಮುಗಿದವು. "ಮೀನ್ ಕಂಡ್ರೆ ನಿಮ್ಗೆ ಕೈ ನಿಲ್ಲುದಿಲ್ಯಾ ಮಾರಾಯ್ರೆ? ಮಾಯ್ ಮುಖ ಕಂಡ್ರ್ಯಾ?" ಎಂದಳು ಸುಮಿತ್ರಾ. ಈಗ ಹದಿನಾಲ್ಕು ತುಂಬಿರುವ ಇಂಚರ ಬೀದಿಯ ನಡುವೆ ನಿಂತು, "ಟ್ವೈಸ್, ಅಪ್ಪಾ! ಯು ಡಿಡ್ ಇಟ್ ಟ್ವೈಸ್!" ಎಂದು ಎರಡು ಬೆರಳು ತೋರಿಸಿದಳು. ನನಗೆ ನಿಜಕ್ಕೂ ದುಃಖವಾಗಿತ್ತು. ಬಾ ಬಾರದಿದ್ದರೆ ಮಾಯ್ ದೋಣಿಯನ್ನೇ ಬಿಡುತ್ತಾಳೆ, ಎರಡು ಮನೆಗಳ ನಡುವೆ ಮೊದಲ ದಿನವೇ ಒಂದು ಮುನಿಸು ಕೂರುತ್ತದೆ, ಇದಕ್ಕೆಲ್ಲ ಮೂಲ ನನ್ನ ಮಣಿಕಟ್ಟು.

ಮಾರನೆಯ ದಿನ ಸಂಜೆ ಸುಮಿತ್ರಾ ಕರಿದುಕೊಟ್ಟ ಗೋಳಿಬಜೆಯ ತಟ್ಟೆ ಹಿಡಿದು ಬಾ ಹಿತ್ತಿಲಿಗೆ ಹೋದೆ. ಅವರು ಮರದ ಪೆಟ್ಟಿಗೆಗಳಲ್ಲಿ ಬೆಳೆದ ಪುದೀನ ಕೊಯ್ಯುತ್ತಿದ್ದರು. ನನ್ನ ಕ್ಷಮಾಪಣೆ ಸಿದ್ಧವಾಗಿತ್ತು. ಸರಕು ಸಾಗಣೆಯವನಾದ್ದರಿಂದ ಅದರಲ್ಲಿ ಒಂದು ವಾದವೂ ಇತ್ತು. ಮಗುಚಿದ ಮೀನಿನ ದೋಷ ಎಷ್ಟು ದಿನ ಇರುತ್ತದೆ ಎಂದು ಕೇಳಿದೆ.

"ಒಂದು ದಿನ," ಎಂದರು ಬಾ. "ನಾನು ಚಿಕ್ಕವಳಿದ್ದಾಗ ಒಂದ್ಸಲ ಮಗುಚಿಬಿಟ್ಟಿದ್ದೆ. ಅವತ್ತು ಅಪ್ಪ ಕಡಲಿಗೆ ಹೋಗಲಿಲ್ಲ. ಮರುದಿನ ಹೋದ. ಹೋಗದೆ ಇದ್ದರೆ ನಾವು ತಿನ್ನೋದೇನು?"

ಹಾಗಾದರೆ ಮೂರು ವಾರದ ಮೇಲಿನ ಮದುವೆಗೆ ಯಾವ ಬಾಧಕವೂ ಇಲ್ಲವಲ್ಲ ಎಂದೆ, ವ್ಯಾಜ್ಯ ಗೆದ್ದವನಂತೆ. ಬಾ ಗೋಳಿಬಜೆಯೊಂದನ್ನು ಮುರಿದು, ಒಳಗೆ ಬೆಂದಿದೆಯೇ ಎಂದು ವೃತ್ತಿಪರರ ಕಣ್ಣಿನಿಂದ ನೋಡಿ, ಬಾಯಿಗೆ ಹಾಕಿಕೊಂಡು, ಅಗಿದು, ನುಂಗಿ, ಆಮೇಲೆ ಹೇಳಿದರು. "ಮಗು ಕೇಳಿತು ಅಂತ ಹೂಂ ಅಂದೆ. ಅಂದ ದಿನದಿಂದ ಅನ್ನ ಸೇರಲಿಲ್ಲ. ಇಲ್ಲ ಅನ್ನೋದಕ್ಕೆ ಬಾಯಿ ಬರಲಿಲ್ಲ. ನೀನು ಮೀನು ಮಗುಚಿದೆ ನೋಡು, ಮೊದಲು ಎದೆ ಧಸಕ್ ಅಂತು. ಆಮೇಲೆ, ಅಯ್ಯೋ, ಕಾರಣ ಸಿಕ್ಕಿತಲ್ಲ ಅನಿಸ್ತು."

ಬಾ ನನ್ನ ಮುಂಗೈ ತಟ್ಟಿದರು. "ಯಾರಿಗೂ ಹೇಳಬೇಡ. ಮದುವೆ ಮುಗಿಯೋವರೆಗೆ ತಪ್ಪು ನಿನ್ನದೇ ಆಗಿರಲಿ. ಆಗುತ್ತಾ?"

ಆಗುತ್ತದೆ ಎಂದೆ. ಓದುಗರೇ, ಇದರಲ್ಲಿ ನನಗೆ ಹೊಸದೇನೂ ಇರಲಿಲ್ಲವೆಂಬುದನ್ನು ನಿಮ್ಮಲ್ಲಿ ಮಾತ್ರ ಒಪ್ಪಿಕೊಳ್ಳುತ್ತೇನೆ. ಸುಮಿತ್ರಾಳಿಗಿಂತ ಮೊದಲು ನಾಲ್ಕು ಮನೆಗಳಲ್ಲಿ ನನ್ನ ಜಾತಕ ಕೂಡಿಬಂದಿರಲಿಲ್ಲ. ನಾಲ್ಕು ಕಡೆಯೂ ಬೇರೆ ಬೇರೆ ಗ್ರಹಗಳ ಕಾಟ. ಕುಜ, ಶನಿ, ರಾಹುಗಳನ್ನು ನಾನು ವರ್ಷಗಟ್ಟಲೆ ಮನಸಾರೆ ದೂಷಿಸಿದ್ದೇನೆ. ಆ ಗ್ರಹಗಳೆಲ್ಲ ಪಾಪ ತಮ್ಮ ಪಾಡಿಗೆ ತಾವಿದ್ದವು, ಆ ನಾಲ್ಕು ಹುಡುಗಿಯರಿಗೆ ನನ್ನ ಮೂಗು ಹಿಡಿಸಿರಲಿಲ್ಲ ಎಂಬ ಸತ್ಯ ಹೊಳೆಯುವ ಹೊತ್ತಿಗೆ ನನ್ನ ಮಗಳಿಗೆ ಹಲ್ಲು ಬಂದಿತ್ತು. ಮುಖ ನೋಡಿ ಇಲ್ಲವೆನ್ನುವ ಕ್ರೌರ್ಯವನ್ನು ತಪ್ಪಿಸಲು ನಮ್ಮ ಹಿರಿಯರು ಬೆಕ್ಕನ್ನು ಅಡ್ಡ ಕಳಿಸಿದರು, ಹಲ್ಲಿಯನ್ನು ಲೊಚಗುಟ್ಟಿಸಿದರು, ರಾಹುಕಾಲವನ್ನು ಬಾಗಿಲಲ್ಲಿ ನಿಲ್ಲಿಸಿದರು. ನಾನು ಅದನ್ನೆಲ್ಲ ಬರೀ ಮೌಢ್ಯವೆಂದುಕೊಂಡು ಬೆಳೆದವನು. ಅದರಲ್ಲಿ ಅರ್ಧ ದಾಕ್ಷಿಣ್ಯವೂ ಇತ್ತೆಂದು ಆ ಪುದೀನದ ಪೆಟ್ಟಿಗೆಗಳ ನಡುವೆ ತಿಳಿಯಿತು.

ಹೊರಡುವಾಗ ಬಾ ಇನ್ನೊಂದು ಮಾತು ಹೇಳಿದರು, ಪುದೀನದ ಮೇಲಿಂದ ಕಣ್ಣೆತ್ತದೆ. ತಾವಿದ್ದ ದೋಣಿ ಹೊರಟ ಮುಂಜಾವಿನಲ್ಲೇ ಇನ್ನೊಂದು ದೋಣಿಯೂ ಹೊರಟಿತ್ತು. ಅದರಲ್ಲಿ ಅವರ ತಮ್ಮ ಹಾಯ್ ಇದ್ದ, ಹದಿನೇಳು ವರ್ಷದವನು. ಚೆನ್ನಾಗಿ ಈಜುತ್ತಿದ್ದನಂತೆ. ಆ ದೋಣಿ ಯಾವ ದಡಕ್ಕೂ ಬಂದ ಸುದ್ದಿಯಿಲ್ಲ, ಮುಳುಗಿದ ಸುದ್ದಿಯೂ ಇಲ್ಲ. ಅವರ ಮನೆಯ ಪೂರ್ವಜರ ಪಟಗಳ ಸಾಲಿನಲ್ಲಿ ಅವನ ಪಟವನ್ನು ಇನ್ನೂ ಇಟ್ಟಿಲ್ಲ. "ಊರಲ್ಲಿ ಈಗಿನ ಹುಡುಗರು ಮಗುಚಿ ತಿಂತಾರಂತೆ, ಮಾಯ್ ಹೇಳ್ತಾಳೆ. ತಿನ್ನಲಿ. ಅವರ ಮನೆಯವರೆಲ್ಲ ದಡದಲ್ಲಿದ್ದಾರೆ. ನಮ್ಮ ಮನೇಲಿ ಒಬ್ಬ ಇನ್ನೂ ನೀರಲ್ಲಿದ್ದಾನೆ," ಎಂದರು. ಖಾಲಿ ತಟ್ಟೆಯನ್ನು ಎರಡು ಕೈಯಲ್ಲಿ ಹಿಡಿದು ಮನೆಗೆ ಬಂದೆ, ಸುಮಿತ್ರಾಳಿಗೂ ಏನನ್ನೂ ಹೇಳಲಿಲ್ಲ.

ಆಮೇಲಿನ ಮೂರು ವಾರ ನಾನು ಅಪರಾಧಿಯಾಗಿ ಬದುಕಿದೆ. ಹಾರ್ಲೆಮಿನ ತನಕ ಕೀರ್ತಿ ಹಬ್ಬಿತು. ಯೋಸ್ಟನ ಸೋದರತ್ತೆಯೊಬ್ಬರಿಗೆ ನನ್ನನ್ನು ಪರಿಚಯಿಸಿದಾಗ ಅವರು ಕೈಕುಲುಕುತ್ತ, "ಓ, ಮೀನು ಮಗುಚಿದವರು!" ಎಂದರು. ಯೋಸ್ಟ್ ಮಾತ್ರ ಯಾರನ್ನೂ ದೂರದೆ, ಡಚ್ಚರು ಸೇತುವೆಗೂ ಪ್ರವಾಹಕ್ಕೂ ಹಾಕುವ ಪ್ರಶ್ನೆಯನ್ನೇ ಈ ಸಮಸ್ಯೆಗೂ ಹಾಕಿಕೊಂಡ: ಹಾಗಾದರೆ ಬೇರೆ ದಾರಿ ಯಾವುದು? ಒಂದು ಶನಿವಾರ ಬಾ ಜೊತೆ ತರಕಾರಿ ಅಂಗಡಿಗೆ ನಡೆದುಹೋಗಿ, ಚೀಲ ಹೊತ್ತು, ಅವರ ನಡಿಗೆಯ ವೇಗವನ್ನು ಅಳೆದು ಬಂದ. ನದಿಯುದ್ದಕ್ಕೂ ದಡದಲ್ಲಿ ಕಾಲುದಾರಿಯಿದೆಯಲ್ಲ ಎಂದ. ಡ್ರಾಯ್‌ಬುಕ್ ತಿದ್ದುಪಡಿಯಾಯಿತು. ಹನ್ನೊಂದು ನಲವತ್ತು, ಬಾ ನಡೆಯುವುದು. ಕೈ ಹಿಡಿಯುವವರು, ಪಕ್ಕದ ಮನೆಯವರು.

ಮದುವೆಯ ದಿನ ಹಾರ್ಲೆಮಿನಲ್ಲಿ ಗಾಳಿಯಿತ್ತು, ಬಿಸಿಲೂ ಇತ್ತು. ಕೆಂಪು ಉಡುಪಿನ ಮಾಯ್, ಪಕ್ಕದಲ್ಲಿ ಕಂಬದಂತೆ ಯೋಸ್ಟ್, ಹಿಂದೆ ಬಂಧುಬಳಗ ದೋಣಿಯಲ್ಲಿ. ನೀಲಿ ರೇಷ್ಮೆಯ ಉದ್ದ ಅಂಗಿ ತೊಟ್ಟ ಬಾ ದಡದಲ್ಲಿ, ನನ್ನ ತೋಳು ಹಿಡಿದು. ದೋಣಿಯ ಎಂಜಿನ್ ಎಷ್ಟು ಮೆಲ್ಲಗೆ ನಡೆಸಿದರೂ ಬಾ ಹೆಜ್ಜೆಗಿಂತ ಮುಂದಾಗುತ್ತಿತ್ತು. ಆದ್ದರಿಂದ ಯೋಸ್ಟನ ಅಪ್ಪ ಒಂದು ನಿಮಿಷ ನಡೆಸುವುದು, ಎರಡು ನಿಮಿಷ ಆರಿಸುವುದು, ಹೀಗೆ ಸಾಗಿತು. ಅದರ ಹಿಂದೆ ಪ್ರವಾಸಿಗರ ಎರಡು ದೋಣಿ, ಒಂದು ಬಾತುಕೋಳಿ ಸಂಸಾರ ಸಾಲುಗಟ್ಟಿದವು. ಸೇತುವೆ ಎತ್ತುವವನು ಗಡಿಯಾರ ನೋಡಿಕೊಂಡ. ಬಾ ಯಾವುದಕ್ಕೂ ಅವಸರಪಡಲಿಲ್ಲ. ನಡುನಡುವೆ ನಿಂತು ಮಾಯ್‌ಗೆ ಕೈಬೀಸಿದರು, ಮಾಯ್ ಕೂಗಿ ಏನೋ ಹೇಳಿದಳು. ಏನೆಂದು ಕೇಳಿದೆ. "ಊಟ ಆಯ್ತಾ ಅಂತ ನಾನು ಕೇಳಬೇಕಿತ್ತು. ಅವಳೇ ಕೇಳ್ತಿದಾಳೆ," ಎಂದರು ಬಾ.

ಊಟವಿದ್ದದ್ದು ದೋಣಿಯ ಮೇಲೆಯೇ, ಕೊನೆಯ ಸೇತುವೆಯ ಆಚೆ, ಕಟ್ಟೆಗೆ ಕಟ್ಟಿ ನಿಲ್ಲಿಸಿದ ಮೇಲೆ. ಬಾಗೆ ದಡದಲ್ಲೇ ಒಂದು ಮೇಜು, ನಾಲ್ಕು ಕುರ್ಚಿ ಹಾಕಿದ್ದರು. ಯೋಸ್ಟ್ ಹಗ್ಗವನ್ನು ಗೂಟಕ್ಕೆ ಸುತ್ತಿ ಬಿಗಿದ. ಬಾ ಕುರ್ಚಿಯ ಕಡೆ ಹೋಗದೆ ಆ ಗಂಟಿನ ಬಳಿ ಹೋಗಿ ನಿಂತರು. ಬಗ್ಗಿ ನೋಡಿದರು. ನಾಲಿಗೆಯಿಂದ ಒಂದು ಅಸಮಾಧಾನದ ಸದ್ದು ಮಾಡಿ, ರೇಷ್ಮೆಯ ತೋಳು ಮಡಚಿ, ಯೋಸ್ಟ್ ಬಿಗಿದದ್ದನ್ನು ಬಿಚ್ಚಿದರು. ಆಮೇಲೆ ಬೆರಳುಗಳು ಯೋಚಿಸದೆ ಓಡಿದವು: ಒಂದು ಸುತ್ತು, ಅದರ ಕೆಳಗಿಂದ ಇನ್ನೊಂದು, ತಿರುವಿ, ಎಳೆದು. ಎರಡು ಕೈಯಿಂದ ಜಗ್ಗಿ ನೋಡಿದರು. ದೋಣಿ ಅಲುಗಲಿಲ್ಲ. ಬಾ ನನ್ನ ಕಡೆ ಕೈ ಚಾಚಿದರು. ನಾನು ಹಿಡಿದೆ. ಹಲಗೆಯ ಮೇಲೆ ಐದು ಹೆಜ್ಜೆ. ಯಾರು ಯಾರನ್ನು ಹತ್ತಿಸಿದರೆಂದು ಹೇಳುವುದು ಕಷ್ಟ, ಏಕೆಂದರೆ ಗಂಗೊಳ್ಳಿಯ ಈ ಕಡಲ ಕಲಿ ದೋಣಿಯೊಂದಕ್ಕೆ ಕಾಲಿಟ್ಟದ್ದೂ ಅದೇ ಮೊದಲು. ಮಾಯ್ ಅಜ್ಜಿಯನ್ನು ಅಪ್ಪಿಕೊಂಡು ಅತ್ತಳು. ಕರವಸ್ತ್ರ ಯಾರ ಬಳಿಯಿರಬೇಕೆಂದು ಡ್ರಾಯ್‌ಬುಕ್ಕಿನಲ್ಲಿತ್ತೋ ಅವರೂ ಅಳುತ್ತಿದ್ದರಿಂದ ಅದು ಸಿಗಲಿಲ್ಲ.

ಊಟಕ್ಕೆ ಒಂದು ದೊಡ್ಡ ಮೀನು ಬಂತು. ಎಲ್ಲರ ಕಣ್ಣೂ ನನ್ನ ಕೈಯ ಮೇಲೆ. ನಾನು ಕೈಗಳನ್ನು ತೊಡೆಯ ಕೆಳಗಿಟ್ಟುಕೊಂಡು ಕೂತೆ. ಮೇಲ್ಮಗ್ಗುಲು ಮುಗಿದಾಗ ಬಾ ಎದ್ದು, ತಲೆಯಿಂದ ಬಾಲದ ತನಕ ಮುಳ್ಳನ್ನು ಒಂದೇ ಎಳೆಯಾಗಿ, ಒಂದು ತುಣುಕೂ ಅಂಟದಂತೆ ಎತ್ತಿ ಪಕ್ಕಕ್ಕಿಟ್ಟರು. ನೋಡಿ ನನಗೆ ನಾಚಿಕೆಯಾಯಿತು. ಕಡಲಿಗಿಳಿಯದ ಗುಮಾಸ್ತರ ಮನೆಯಲ್ಲಿ ಕಲಿತ ನನ್ನ ವಿದ್ಯೆ ಅದರ ಮುಂದೆ ಬರಿಯ ದೊಂಬರಾಟ.

ಈಗ ನಮ್ಮ ಮನೆಯಲ್ಲಿ ನಾನು ಬಂಗುಡೆಯ ಮುಳ್ಳು ಎತ್ತುವುದನ್ನು ಅಭ್ಯಾಸ ಮಾಡುತ್ತಿದ್ದೇನೆ. ಹತ್ತಕ್ಕೆ ಎಂಟು ಸಲ ನಡುವೆ ಮುರಿಯುತ್ತದೆ, ಸುಮಿತ್ರಾ ನಗುತ್ತಾಳೆ. ಬಾಣಲೆಯಲ್ಲಿ ಮಗುಚಬಹುದೇ ಎಂದು ಬಾಗೆ ಕೇಳಿ ಅನುಮತಿ ಪಡೆದಿದ್ದೇನೆ: ಎಣ್ಣೆ ಕಡಲಲ್ಲ, ತಟ್ಟೆಗೆ ಬಂದ ಮೇಲೆ ಮಾತ್ರ ಕೂಡದು. ಮದುವೆ ಮುಗಿದ ಮೇಲೆ ನನ್ನ ಮಾತಿನ ಗಡುವೂ ಮುಗಿದಿತ್ತು. ಬಾ ಅಪ್ಪಣೆ ಪಡೆದೇ ಮನೆಯಲ್ಲಿ ಎಲ್ಲವನ್ನೂ ಹೇಳಿದ್ದೆ, ಹಾಯ್‌ನ ವಿಷಯವನ್ನೂ. ಸುಮಿತ್ರಾ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು, ಇಂಚರ ಕೇಳಿಸಿಕೊಂಡಳೋ ಇಲ್ಲವೋ ತಿಳಿಯಲಿಲ್ಲ. ಅವಳ ಕಿವಿಯಲ್ಲಿ ಯಾವಾಗಲೂ ಏನಾದರೊಂದು ತೂರಿಕೊಂಡಿರುತ್ತದೆ.

ಮೊನ್ನೆ ಅವಳ ಡಚ್ ಗೆಳತಿಯೊಬ್ಬಳು ಊಟಕ್ಕೆ ಬಂದಿದ್ದಳು. ಹುರಿದ ಬಂಗುಡೆಯ ಒಂದು ಬದಿಯನ್ನು ಚೊಕ್ಕಟವಾಗಿ ತಿಂದು, ಫೋರ್ಕನ್ನು ಅಡಿಗೆ ತೂರಿಸಿ ಇನ್ನೇನು ಮಗುಚಬೇಕು, ಇಂಚರ ಅವಳ ಕೈ ಹಿಡಿದು ತಡೆದಳು. ಯಾಕೆ ಎಂದು ಗೆಳತಿ ಕೇಳಿದಳು. ಮಗಳು ಡಚ್ಚಿನಲ್ಲಿ, ಬಸ್ಸು ತಡವಾಗಿದೆ ಎನ್ನುವಷ್ಟು ಸಹಜವಾಗಿ, ಹೇಳಿದಳು: "ಪಕ್ಕದ ಮನೆ ಅಜ್ಜಿಯ ತಮ್ಮ ಇನ್ನೂ ದೋಣಿಯಲ್ಲಿದ್ದಾನೆ."